ಒಲೆಗಳ ಜೀರ್ಣೋದ್ಧಾರ

ಪುಣ್ಯವಂತರು ಪಾಳುಬಿದ್ದ ಗುಡಿಗಳ ಜೀರ್ಣೋದ್ಧಾರ ಮಾಡಿಸುವರು. ನನ್ನ ಯೋಗ್ಯತೆಗೆ ಒದಗಿದ್ದು ಹಳೆಯ ಒಲೆಗಳು. ಆಳಂದದ ಸಂತೆ, ಅಫಜಲಪುರದ ಗುಜರಿ ಅಂಗಡಿ, ಜೇವರ್ಗಿಯ ಪರಿಚಿತರ ಹಿತ್ತಿಲುಗಳಲ್ಲಿ ಸಂಚರಿಸಿ, ಮಸಿ ಹಿಡಿದು, ಕಾಲು ಮುರಿದು, ಯಜಮಾನರಿಂದ ಪರಿತ್ಯಕ್ತವಾದ ಗ್ಯಾಸಿನ ಒಲೆಗಳನ್ನೂ ಅಪರೂಪಕ್ಕೊಂದು ಪಂಪಿನ ಸ್ಟೋವನ್ನೂ ತೂಕದ ಬೆಲೆಗೆ ಕೊಂಡುತಂದು, ತಿಕ್ಕಿ ತೊಳೆದು, ದುರಸ್ತಿಗೊಳಿಸಿ ಮಾರುವುದು ನನ್ನ ಹವ್ಯಾಸ. ಇದನ್ನು ವ್ಯಾಪಾರವೆನ್ನಲು ನನ್ನ ಮಡದಿ ಒಪ್ಪಳು. ವ್ಯಾಪಾರವೆಂದ ಮೇಲೆ ಅದರಲ್ಲಿ ಲಾಭವೆಂಬುದೊಂದು ಇರತಕ್ಕದ್ದೆಂಬುದು ಆಕೆಯ ಹಟ.

ನಮ್ಮ ಸೀಮೆಯ ಗ್ಯಾಸಿನ ಒಲೆಯ ಮುಖ್ಯ ವ್ಯಾಧಿ ಜೋಳದ ಹಿಟ್ಟು. ಶಹಾಬಾದಿ ಫರಸಿಯ ಕಟ್ಟೆಯ ಮೇಲೆ, ಒಲೆಯ ಮಗ್ಗುಲಲ್ಲಿಯೇ ರೊಟ್ಟಿ ಬಡಿಯುವಾಗ ಹಾರಿದ ಹಿಟ್ಟು ಬರ್ನರಿನ ರಂಧ್ರಗಳಲ್ಲಿ ನೆಲೆಸಿ, ಉಕ್ಕಿದ ತೊಗರಿಬೇಳೆಯ ಕಟ್ಟಿನೊಡನೆ ಬೆರೆತು, ಸುಟ್ಟು, ಗಾರೆಯಂತೆ ಗಟ್ಟಿಯಾಗುವುದು. ಆ ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹುಳಿಯಲ್ಲಿ ನೆನೆಯಿಟ್ಟು ತೂತುತೂತಿಗೂ ತಂತಿಯಾಡಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ಆದರೆ ಅನಿಲವು ಚಿಮ್ಮುವ ಜೆಟ್ಟಿಗೆ ದಬ್ಬಣ ಹಾಕುವ ಮಹಾನುಭಾವರನ್ನು ನಾನು ಕ್ಷಮಿಸಲಾರೆ: ರಂಧ್ರ ಹಿಗ್ಗಿತೆಂದರೆ ಅನಿಲ ಹೆಚ್ಚಿ, ಗಾಳಿ ಸಾಲದೆ, ನೀಲಿಯಾಗಿರಬೇಕಾದ ಉರಿಯು ಹಳದಿಗೆ ತಿರುಗಿ ಪಾತ್ರೆಗಳ ತಳಕ್ಕೆಲ್ಲ ಮಸಿ ಬಳಿಯುವುದು.

ಪಂಪಿನ ಸ್ಟೋವಿನ ಠೀವಿಯೇ ಬೇರೆ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ನಿರ್ಮಿಸಿದ ಪ್ರೈಮಸ್ಸಿನ ವಂಶ ಅದು. ಅದರ ಪೂರ್ವಜರು 1911ರಲ್ಲಿ ಅಮುಂಡ್ಸೆನ್ನನ ಸಂಗಡ ದಕ್ಷಿಣ ಧ್ರುವವನ್ನೇ ಕಂಡುಬಂದವರು. ಪಂಪಿನೊಳಗಿನ ಚರ್ಮದ ವಾಷರಿಗೆ ಎರಡು ಹನಿ ಎಣ್ಣೆ ಉಣಿಸಿದರೆ ಇಂದಿಗೂ ಭೋರ್ಗರೆಯುವುದು. ಆದರೇನು, 2016ರ ಉಜ್ವಲಾ ಯೋಜನೆಯ ತರುವಾಯ ಹಳ್ಳಿಗಳಿಗೂ ಸಿಲಿಂಡರು ಹೊಕ್ಕು, ಸೀಮೆಎಣ್ಣೆ ದುರ್ಲಭವಾಗಿ, ಈಗ ಅದನ್ನು ಕೇಳುವವರೆಲ್ಲ ಶೋಕೇಸಿನಲ್ಲಿಡುವವರೇ.

ದುರಸ್ತಿಗಿಂತ ಮಾರಾಟ ಕಷ್ಟ. ಗಾಣಗಾಪುರದಲ್ಲಿ ಯತ್ನಿಸಿ ನೋಡಿದೆ. ಶ್ರೀಮಂತರೂ ಜೋಳಿಗೆ ಹಿಡಿದು ಮಧ್ಯಾಹ್ನದ ಮಧುಕರಿಗೆ ಹೊರಡುವ ಆ ದತ್ತಕ್ಷೇತ್ರದಲ್ಲಿ ಒಲೆ ಕೊಳ್ಳುವವರಾದರೂ ಯಾರು? ಭೀಮೆಯನ್ನು ದಾಟಿ ಜೇವರ್ಗಿಗೆ ಒಯ್ದಾಗ, ಕನ್ನಡಿಯಂತೆ ಬೆಳಗಿಸಿದ್ದ ನನ್ನ ಒಲೆಯನ್ನು ವೃದ್ಧೆಯೊಬ್ಬರು ನಿರ್ಲಕ್ಷ್ಯದಿಂದ ನೋಡಿ, “ಹೊಳಪು ತಗೊಂಡು ಏನ್ ಮಾಡ್ಲಿ ತಮ್ಮಾ, ರೊಟ್ಟಿ ಉಬ್ಬತದೇನ ಅದನ್ ಹೇಳು” ಎಂದರು. ಹಂಚು ಬಂತು, ಹಿಟ್ಟು ಬಂತು, ರೊಟ್ಟಿ ಉಬ್ಬಿಯೂ ಉಬ್ಬಿತು. ಅದನ್ನು ಶೇಂಗಾ ಹಿಂಡಿಯೊಡನೆ ನನಗೇ ತಿನ್ನಿಸಿ, “ಹಳೇದ್ ಅದ, ಅರ್ಧಕ್ಕ ಕೊಡು” ಎಂದರು. ಉಂಡ ರೊಟ್ಟಿಯ ಋಣವು ಬಾಯಲ್ಲಿರುವಾಗ ಚೌಕಾಸಿ ಮಾಡುವುದೆಂತು?

ಇಷ್ಟಾಗಿಯೂ ಒಲೆ ಬೇಕಾದವರು ಅವಶ್ಯವಾಗಿ ಬರಬಹುದು. ಹಳೆಯ ರಬ್ಬರಿನ ನಳಿಕೆಯನ್ನು ನಾನು ಎಂದಿಗೂ ಮಾರೆನು, ಐ.ಎಸ್.ಐ. ಗುರುತಿನ ಹೊಸದನ್ನೇ ಹಾಕಿಸಿಕೊಳ್ಳಬೇಕು. ಪರೀಕ್ಷೆಗೆ ಹಂಚು ಉಂಟು. ಜೋಳದ ಹಿಟ್ಟನ್ನು ಮಾತ್ರ ದಯವಿಟ್ಟು ತಾವೇ ತರತಕ್ಕದ್ದು. ಈ ವ್ಯಾಪಾರಕ್ಕೆಂದು ಹಿಟ್ಟು ಕೊಡುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಲಾಗಿದೆ.