ಲೈನ್ಸ್‌ಮನ್ನಿಗೂ ಕಿವಿ ಇದೆ

“ಫುಟ್‌ಬಾಲ್ ನೋಡೋಕೆ ಹೋಗ್ತಿದ್ದೀನಿ” ಎಂದರೆ ನಮ್ಮ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, “ಯಾಕೆ, ಟಿವಿ ಕೆಟ್ಟಿದೆಯಾ?” ನಡುರಾತ್ರಿಯವರೆಗೆ ಎದ್ದು ಕೂತು, ಮ್ಯಾಂಚೆಸ್ಟರ್‌ನವರು ಸೋಲುವುದನ್ನು ಕಣ್ಣಾರೆ ಕಂಡು, ಬೆಳಗ್ಗೆ ಆಫೀಸಿನಲ್ಲಿ ತೂಕಡಿಸುವವನಿಗೆ ಈ ಊರಿನಲ್ಲಿ ಒಂದು ಮರ್ಯಾದೆ ಇದೆ. ಹಾಡಹಗಲೇ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗಿ ನಮ್ಮೂರ ಹುಡುಗರೇ ಸೋಲುವುದನ್ನು ನೋಡಿ ಬಂದವನನ್ನು ಮಾತ್ರ, “ಕೆಲಸ ಗಿಲಸ ಹೋಯ್ತೇನಪ್ಪಾ?” ಎಂದು ಕನಿಕರದಿಂದ ವಿಚಾರಿಸುತ್ತಾರೆ.

ಅಲ್ಲಿಗೆ ಹೋಗಿ ಸೇರುವುದೂ ಸುಲಭವಲ್ಲ. ಆಟೋದವರಿಗೆ ಸ್ಟೇಡಿಯಂ ಎಂದರೆ ಚಿನ್ನಸ್ವಾಮಿ. “ಕ್ರಿಕೆಟ್ ಅಲ್ಲ ಗುರೂ, ಫುಟ್‌ಬಾಲು” ಎಂದರೆ ಕಂಠೀರವ. ಸೋತು “ಗರುಡಾ ಮಾಲ್ ಹತ್ರ” ಅಂದಾಗಲೇ ಮೀಟರು ಬೀಳುವುದು. “ಶಾಪಿಂಗಾ ಸಾರ್? ಮೊದಲೇ ಹೇಳಬಾರದಾ!” 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ಇದೇ ಮೈದಾನವನ್ನು ತವರು ಮಾಡಿಕೊಂಡು. ಆಮೇಲೆ ಅವರು ಕಂಠೀರವಕ್ಕೆ ಹೊರಟರು. ಡ್ರಮ್ಮು, ನೀಲಿ ಜೆರ್ಸಿ, ಸೆಲ್ಫಿ ತೆಗೆಯುವ ಜನ ಎಲ್ಲ ಅವರ ಹಿಂದೆಯೇ ಹೋಯಿತು. ಇಲ್ಲಿ ಉಳಿದದ್ದು ಜಿಲ್ಲಾ ಲೀಗು, ಬಿಸಿಲು, ಮತ್ತು ನಾವು.

ಬಿಸಿಲು ಅಂದೆನಲ್ಲ, ಅದು ಹನ್ನೆರಡನೇ ಆಟಗಾರ. ಮೈದಾನದಲ್ಲಿರುವುದು ಪ್ಲಾಸ್ಟಿಕ್ ಹುಲ್ಲು. ಯಾರಾದರೂ ಜಾರಿ ಟ್ಯಾಕಲ್ ಮಾಡಿದರೆ ಕರಿ ರಬ್ಬರ್ ಪುಡಿ ಚಿಮ್ಮುತ್ತದೆ, ಎದ್ದವನ ಮೊಣಕಾಲಿಗೆ ಅದೇ ಪುಡಿ ಅಂಟಿರುತ್ತದೆ. ನೋಡುವ ನಮಗೂ ಪಕ್ಷನಿಷ್ಠೆ ಎಂಬುದು ನೆರಳಿನ ಮೇಲೆ ನಿಂತಿದೆ. ಫಸ್ಟ್ ಹಾಫಿನಲ್ಲಿ ಒಂದು ಕಾರ್ಖಾನೆಯ ಟೀಮಿಗೆ ಜೈ ಎಂದವರು ನೆರಳು ಸರಿದ ಹಾಗೆಲ್ಲ ತಾವೂ ಸರಿದು ಸರಿದು, ಸೆಕೆಂಡ್ ಹಾಫ್ ಮುಗಿಯುವ ಹೊತ್ತಿಗೆ ಎದುರು ಟೀಮಿನ ಕೋಚ್‌ನ ಬೆನ್ನ ಹಿಂದೆ ಕೂತು ಅವನಿಗೇ ಸಲಹೆ ಕೊಡುತ್ತಿರುತ್ತಾರೆ.

ಆಡುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಜುಟ್ಟು, ಹಸಿರು ಬೂಟು, ಗಡ್ಡ, ಕುಳ್ಳ — ಹತ್ತು ನಿಮಿಷದೊಳಗೆ ನಾಮಕರಣ ಮುಗಿದಿರುತ್ತದೆ. “ಜುಟ್ಟು, ಹಿಂದೆ ಮ್ಯಾನ್!” ಎಂದು ಗ್ಯಾಲರಿಯಿಂದ ಕೂಗಿದರೆ ಜುಟ್ಟಿನವನು ನಿಜವಾಗಿ ಹಿಂದೆ ತಿರುಗುತ್ತಾನೆ. ಕೂಗು ಯಾವ ಭಾಷೆಯಲ್ಲಾದರೂ ಇರಲಿ. ಆಸ್ಟಿನ್ ಟೌನಿನವರು ತಮಿಳಿನಲ್ಲಿ ಶುರು ಮಾಡಿ, ಶಿವಾಜಿನಗರದವರು ದಖನಿಯಲ್ಲಿ ಮುಂದುವರಿಸಿ, ಬೈಗುಳದ ಹೊತ್ತಿಗೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ರಾಜ್ಯಭಾಷೆಯ ಅನುಷ್ಠಾನ ಇಷ್ಟು ಚೆನ್ನಾಗಿ ಬೇರೆಲ್ಲೂ ಆಗಿರಲಾರದು.

ಇನ್ನು ಗೋಲು. ತೊಂಬತ್ತು ನಿಮಿಷ ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂತಿರುತ್ತೀರಿ, ಏನೂ ಆಗುವುದಿಲ್ಲ. ಕಡಲೆಕಾಯಿ ಸಿಪ್ಪೆ ಬಿಡಿಸಲು ತಲೆ ತಗ್ಗಿಸಿದಿರೋ, ಗೋಲು! ಇಲ್ಲಿ ರೀಪ್ಲೇ ಇಲ್ಲ. ರೀಪ್ಲೇ ಎಂದರೆ ಪಕ್ಕದವರು. ಒಬ್ಬರು ಎದ್ದು ನಿಂತು ಕಾಲು ಬೀಸಿ “ಹಿಂಗ್ ಹೊಡೆದ” ಎನ್ನುತ್ತಾರೆ. ಇನ್ನೊಬ್ಬರು “ಕಾಲಲ್ಲ ರೀ, ತಲೆ” ಎಂದು ತಲೆ ಆಡಿಸುತ್ತಾರೆ. ಮೂರನೆಯವರ ಪ್ರಕಾರ ಅದು ಡಿಫೆಂಡರೇ ಹೊಡೆದುಕೊಂಡ ಸೆಲ್ಫ್ ಗೋಲು. ಒಂದು ಟಿಕೀಟಿಗೆ ಮೂರು ಗೋಲು ನೋಡಿದ ಲಾಭ ಯಾವ ಟಿವಿಯವನೂ ಕೊಟ್ಟಿಲ್ಲ.

ಆಟ ಮಂಕಾದರೆ ತಾತಂದಿರು ಚರಿತ್ರೆ ತೆಗೆಯುತ್ತಾರೆ. ಅದುವರೆಗೆ ಗೋರಾ ಪಲ್ಟನ್ನುಗಳ ಸೊತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೊಂಬಾಯಿಯಿಂದ ಎತ್ತಿಕೊಂಡು ಬಂದ ಬೆಂಗಳೂರು ಮುಸ್ಲಿಮ್ಸ್ ತಂಡ, 1977ರ ಮೊದಲ ಫೆಡರೇಷನ್ ಕಪ್ ಫೈನಲ್ಲಿನಲ್ಲಿ ಮೋಹನ್ ಬಗಾನನ್ನು ಮಣಿಸಿದ ನಮ್ಮೂರ ಐಟಿಐ ಕಾರ್ಖಾನೆಯ ತಂಡ — ಎಲ್ಲ ನಿನ್ನೆ ಸಂಜೆ ನಡೆದಂತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಕಥೆ ಬಂದರಂತೂ ಎದುರಿನ ಮ್ಯಾಚು ನಿಂತೇ ಹೋದರೂ ಗೊತ್ತಾಗುವುದಿಲ್ಲ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು, ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈಬಿಟ್ಟು 1-2ರಲ್ಲಿ ಸೋತೆವು. ಆ ಪೆನಾಲ್ಟಿಗಳ ಬೇಸರ ತಾತಂದಿರಿಗೆ ಇನ್ನೂ ಇಳಿದಿಲ್ಲ. ಆಗ ತಾವು ತೊಟ್ಟಿಲಲ್ಲಿದ್ದೆವೆಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಂತೋಷ್ ಟ್ರೋಫಿಯ ವಿಷಯ ಎತ್ತಿದರೆ ಮಾತ್ರ ಎಲ್ಲರಿಗೂ ಸಂಕಟ. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ, ಐವತ್ನಾಲ್ಕು ವರ್ಷ ಕಾದು 2023ರಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಫೈನಲ್ಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದು ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ಅರ್ಧ ಶತಮಾನ ಗ್ಯಾಲರಿಯಲ್ಲಿ ಕೂತು ಒಣಗಿದವರನ್ನು ಬಿಟ್ಟು ಕಪ್ಪು ಮರುಭೂಮಿಯಲ್ಲಿ ಕೈಗೆ ಬಂತು.

ಇಷ್ಟೆಲ್ಲ ಇದ್ದೂ ಯಾಕೆ ಹೋಗುತ್ತೇವೆ ಅಂತೀರಾ? ಟಿವಿಯಲ್ಲಿ ಮೆಸ್ಸಿಯನ್ನು ಎಷ್ಟೇ ಬೈದರೂ ಅವನಿಗೆ ಕೇಳಿಸುವುದಿಲ್ಲ ಸ್ವಾಮೀ. ಇಲ್ಲಿ ಕೇಳಿಸುತ್ತದೆ. ಬೇಲಿಯ ಪಕ್ಕ ವಾರ್ಮಪ್ ಮಾಡುತ್ತಿದ್ದ ಹುಡುಗನನ್ನು ಒಬ್ಬರು, “ಎಷ್ಟಪ್ಪಾ ಸ್ಕೋರು?” ಎಂದು ಕೇಳಿದರೆ ಅವನು ಕುಣಿಯುವುದನ್ನು ನಿಲ್ಲಿಸಿ, “ನೀವು ನೋಡ್ತಿರ್ಲಿಲ್ವಾ ಅಂಕಲ್?” ಎಂದು ಬೇಜಾರು ಮಾಡಿಕೊಳ್ಳುತ್ತಾನೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಆ ಕಡೆಯ ಹುಡುಗ ಆಡುವ ದಿನ ಬೀದಿಗೆ ಬೀದಿಯೇ ಬಂದಿರುತ್ತದೆ. ಅವನು ಪಾಸ್ ತಪ್ಪಿಸಿದರೆ ಬಾಲ್ಯದಲ್ಲಿ ಯಾರ ಕಿಟಕಿ ಗಾಜು ಒಡೆದಿದ್ದ ಎಂಬುದೂ ಅಲ್ಲೇ ಹೊರಬೀಳುತ್ತದೆ.

ಮೊನ್ನೆ ಹೀಗೇ ಒಂದು ಗೋಲು. ಬಾವುಟ ಏಳಲಿಲ್ಲ. ನಾವು ಕೂತಿದ್ದದ್ದು ಗೋಲ್‌ಪೋಸ್ಟಿನ ಹಿಂದೆ, ಅಲ್ಲಿಂದ ಆಫ್‌ಸೈಡ್ ಹೇಳಲು ದೇವರಿಗೂ ಆಗದು. ಆದರೆ ನನ್ನ ಪಕ್ಕದ ತಾತನಿಗೆ ಸಂದೇಹವೇ ಇರಲಿಲ್ಲ. ಎದ್ದು ಗ್ಯಾಲರಿಯ ಆ ತುದಿಗೆ ನಡೆದುಹೋಗಿ ಕೂಗಿದರು:

“ಏನಯ್ಯಾ ಲೈನ್ಸ್‌ಮನ್, ಕನ್ನಡಕ ಕೊಡ್ಲಾ?”

ಅವನು ಮೈದಾನದಿಂದ ಕಣ್ಣು ತೆಗೆಯದೆಯೇ, “ಬೇಡ ತಾತ, ನಿಮ್ಮದು ಹಾಕ್ಕೊಂಡ್ರೆ ಈಗ ಕಾಣೋದೂ ಕಾಣಲ್ಲ” ಎಂದ.

ಗ್ಯಾಲರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಾತ ಸೋಲಲಿಲ್ಲ, ಮ್ಯಾಚ್ ಮುಗಿಯುವವರೆಗೆ ಅವನ ವಂಶಾವಳಿಯನ್ನೇ ವಿಚಾರಿಸಿಕೊಂಡರು. ಕೊನೆಯ ಸೀಟಿ ಊದಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಬೇಲಿಯ ಹತ್ತಿರ ಬಂದಾಗ, ಉಳಿದಿದ್ದ ಕಡಲೆಕಾಯಿ ಪೊಟ್ಟಣವನ್ನು ಅವನ ಕೈಗಿಟ್ಟು ಕೇಳಿದರು:

“ನಾಳೆ ಯಾವ ಮ್ಯಾಚಪ್ಪಾ ನಿಂದು?”

“ನಾಳೆ ನಂಗೆ ಡ್ಯೂಟಿ ಇಲ್ಲ ತಾತ.”

“ಥೂ ನಿನ್ನ,” ಎಂದರು ತಾತ, “ಹಾಗಾದ್ರೆ ನಾಳೆ ನಾನು ಯಾರನ್ನ ಬೈಲಿ?”