ಗಟ್ಟಿ ಎಣ್ಣೆಯ ಊರು

ಉತ್ತರ ಬೆಂಗಳೂರಿನ ನಮ್ಮ ಕೋಗಿಲಿನಲ್ಲಿ ಚಳಿಗಾಲವನ್ನು ಉದ್ಘಾಟಿಸುವ ಅಧಿಕಾರ ಇರುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ. ರಾತ್ರಿ ಗುಳುಗುಳು ಎನ್ನುತ್ತಿದ್ದದ್ದು ಬೆಳಿಗ್ಗೆ ತಲೆಕೆಳಗು ಮಾಡಿ ಬಡಿದರೂ ಒಂದು ತೊಟ್ಟು ಉದುರಿಸುವುದಿಲ್ಲ. ಪೊರಕೆ ಕಡ್ಡಿ, ಹೇರ್‌ಪಿನ್ನು, ಚಮಚದ ಹಿಂಬದಿ, ಎಲ್ಲವೂ ಆ ಸಣ್ಣ ಬಾಯಿಯೊಳಗೆ ಇಳಿದು ಸೋತು ಹೊರಬರುತ್ತವೆ. ಬಾಟಲಿಗೆ ಅಷ್ಟು ಕಿರಿದಾದ ಬಾಯಿ ಇಟ್ಟವರು ಕರಾವಳಿಯವರೇ ಇರಬೇಕು.

ಹಾಗೆಂದು ನನ್ನ ಅತ್ತೆಯವರೆದುರು ಹೇಳುವಂತಿಲ್ಲ, ಅವರು ಕುಂದಾಪುರದವರು. ಅಲ್ಲಿ ಎಣ್ಣೆ ಬೆಳಗಿನ ಜಾವ ಕೊಂಚ ಮಂದವಾದರೂ ಬಿಸಿಲೇರುತ್ತಲೇ ನೆಟ್ಟಗಾಗುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನವಾದರೂ ಕದಲದೆ ಕೂತಿದ್ದನ್ನು ನೋಡಿ, "ಇದೆಂಥ ತೆಂಗಿನೆಣ್ಣೆ ಮಾರಾಯ್ರೆ? ಡಾಲ್ಡಾ ಬೆರೆಸಿದ್ದಾರೆ" ಎಂದು ಅಂಗಡಿಯವನಿಗೆ ಶಿಕ್ಷೆ ವಿಧಿಸಿಬಿಟ್ಟರು. ತಾವು ಊರಿನ ಗಾಣದಿಂದ ತಂದ ಬಾಟಲಿಯನ್ನು ಪಕ್ಕದಲ್ಲಿಟ್ಟರು. ಮರುದಿನ ಬೆಳಿಗ್ಗೆ ಅದೂ ಕಲ್ಲು. "ಗಾಣದ ಎಣ್ಣೆಯನ್ನೂ ಕೆಡಿಸ್ತದೆ ನಿಮ್ಮ ಕೋಗಿಲು" ಎಂಬುದು ತಿದ್ದುಪಡಿಯಾದ ತೀರ್ಪು.

ಈ ತಿದ್ದುಪಡಿ ಅರ್ಧ ಸರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿ 13ರಂದು ಬೆಂಗಳೂರು 7.8ಕ್ಕೆ ಇಳಿದಿತ್ತು. ಅಂದು ಊರಲ್ಲಿ ಯಾರೂ ತಲೆಗೆ ಎಣ್ಣೆ ಹಚ್ಚಿರಲಾರರು.

ಗಟ್ಟಿಯಾದದ್ದನ್ನು ಕರಗಿಸುವುದು ಅಳಿಯನ ಕೆಲಸ. ಬಿಸಿನೀರಿನ ಮಗ್ಗಿನಲ್ಲಿ ಬಾಟಲಿ ಅದ್ದಿ ನಿಂತರೆ ನೀರು ಆರುತ್ತದೆ, ಎಣ್ಣೆ ಮಾತ್ರ ಅಂಚಿನಲ್ಲಷ್ಟೇ ಕರಗಿರುತ್ತದೆ. ಕೊಟ್ಟ ಶಾಖವೆಲ್ಲ ಅಣುಗಳ ಹಿಡಿತ ಸಡಿಲಿಸುವುದಕ್ಕೇ ಖರ್ಚಾಗಿ, ಉಷ್ಣತೆಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ಕೆರೆ ಹೂಳೆತ್ತಲು ಬಂದ ಅನುದಾನದ ಹಾಗೆ. ಹೈಸ್ಕೂಲಿನಲ್ಲಿ ಇದನ್ನೇ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿಸಿದ್ದರು.

ಅತ್ತೆಯವರ ಎರಡನೆಯ ದೂರು, ಇಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು. ಇದರಲ್ಲಿ ಅವರು ಪೂರ್ತಿ ಸರಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಗೇ ಕುದಿಯತೊಡಗುತ್ತದೆ. ಎಷ್ಟು ಉರಿ ಹಾಕಿದರೂ ಅದರಾಚೆ ಬಿಸಿಯಾಗದು. ಕುಕ್ಕರ್ ಮುಚ್ಚಿ ಒತ್ತಡ ಕಟ್ಟಿಕೊಟ್ಟರೆ ಮಾತ್ರ 120ರ ಹತ್ತಿರಕ್ಕೆ ಏರುತ್ತದೆ. ಕುಂದಾಪುರದ ಗಾಳಿಯನ್ನು ಇಲ್ಲಿ ಸೀಟಿ ಸಮೇತ ಖರೀದಿಸಬೇಕು.

ನಮ್ಮ ಪಕ್ಕದಲ್ಲೇ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ, 1984ರಿಂದ ಕರಗಿಸುವ ಇದೇ ವ್ಯವಹಾರ ದೊಡ್ಡದಾಗಿ ನಡೆಯುತ್ತಿದೆ. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ತುಂಬಿ ಗಾಲಿ ಎರೆಯುತ್ತಾರೆ. ಶುದ್ಧ ಕಬ್ಬಿಣ ನೀರಾಗಲು 1538 ಡಿಗ್ರಿ ಬೇಕು. ಅದರ ಲೆಕ್ಕದಲ್ಲಿ ನಮ್ಮ ಏಪ್ರಿಲ್ ಮಧ್ಯಾಹ್ನವೂ ಕಡುಚಳಿ. ಮೈನಸ್ 196ಕ್ಕೇ ಕುದಿಯುವ ದ್ರವ ಸಾರಜನಕಕ್ಕೋ, ಕೋಗಿಲಿನ ಜನವರಿಯ ಮುಂಜಾವು ಬೆಂಕಿ. ಅವರವರ ಚಳಿ ಅವರವರಿಗೆ. ಅತ್ತೆಯವರಂತೂ ಸ್ವೆಟರ್ ಮೇಲೆ ಶಾಲು ಹೊದ್ದು, ನಾನು ಫ್ಯಾನ್ ಹಾಕಿದ್ದೇಕೆಂದು ಕೇಳುತ್ತಾರೆ.

ಎಣ್ಣೆ ಗಟ್ಟಿಯಾಯಿತೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಗಟ್ಟಿಯಾಗಿದೆಯಲ್ಲ, ಅಪ್ಪಟವೇ ಇರಬೇಕೆಂದು ಹಿಗ್ಗಲೂಬೇಡಿ. ತಾಳೆಬೀಜದ ಎಣ್ಣೆಯೂ ಹೀಗೆಯೇ ಹೆಪ್ಪುಗಟ್ಟುತ್ತದೆ. ಉತ್ತರ ಬೆಂಗಳೂರಿಗೆ ಹೊಸದಾಗಿ ಮನೆ ಮಾಡಿ ಬರುವವರು ನವೆಂಬರಿನಲ್ಲೇ ಅಗಲ ಬಾಯಿಯ ಡಬ್ಬಿಯೊಂದನ್ನು ಕೊಂಡಿಟ್ಟುಕೊಳ್ಳಿ. ಆತುರಕ್ಕೆ ಬಾಟಲಿಯನ್ನು ನೇರ ಒಲೆಯ ಮೇಲಿಡಬೇಡಿ, ಪ್ಲಾಸ್ಟಿಕ್ ಕೂಡ ಕರಗುತ್ತದೆ.