ಆವೃತ್ತಿರಾಯರು

ರಾಜಾಜಿನಗರದ ನಮ್ಮ ಬೀದಿಯಲ್ಲಿ ಮುಂಜಾನೆ ಹಾಲು ತರಲು ಹೊರಟವನೊಬ್ಬನು, ಯಾರಿಗೂ ಕೇಡು ಬಗೆಯದೆ, ಯಾರ ಋಣದಲ್ಲಿಯೂ ಇರದೆ, ಎಡಗೈಯಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಬಲಗೈಯಲ್ಲಿ ಕರಿಬೇವಿನ ಕಟ್ಟನ್ನೂ ಹಿಡಿದು, ಕಿವಿಗೊಂದು ಹಾಡನ್ನಾಗಲಿ ಜೇಬಿಗೊಂದು ದರಪಟ್ಟಿಯನ್ನಾಗಲಿ ಪಡೆಯದೆ ಮನೆ ಸೇರಿದನೆಂದರೆ, ಆ ದಿನ ಆವೃತ್ತಿರಾಯರು ಊರಿನಲ್ಲಿಲ್ಲವೆಂದೇ ತಿಳಿಯತಕ್ಕದ್ದು. ತಾಯಿತಂದೆಗಳು ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆಯೇ ಇದೆ; ಆದರೆ ಒಂದೇ ಹಾಡನ್ನು ಇಪ್ಪತ್ತೆರಡು ಸಲ ಬಿಡುಗಡೆ ಮಾಡಿದ ಪುಣ್ಯಪುರುಷನಿಗೆ ಬೀದಿಯೇ ಪುನರ್ನಾಮಕರಣ ಮಾಡಿತು. ವಿಜಯನಗರದ ಮಿತ್ರರೂ ಕೆಂಗೇರಿಯ ನನ್ನ ಷಡ್ಡಕರೂ ‘ನಮ್ಮ ಕಡೆಯೂ ಒಬ್ಬರಿದ್ದಾರೆ’ ಎಂದು ನಿಟ್ಟುಸಿರು ಬಿಡುವುದನ್ನು ನೋಡಿದರೆ, ಇದು ವ್ಯಕ್ತಿಯ ಹೆಸರಾಗಿ ಉಳಿಯದೆ ಕುಲದ ಹೆಸರಾಗುವ ಕಾಲ ಬಂದಿದೆಯೆಂದು ತೋರುತ್ತದೆ.

ರಾಯರು ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಸೇವಾವಧಿಯಲ್ಲಿ ಅವರು ಕವಿತೆಗಳನ್ನೂ ಬರೆಯುತ್ತಿದ್ದರು. ಆ ಕವಿತೆಗಳು, ಪ್ರಾಮಾಣಿಕ ಪಾರಿವಾಳಗಳಂತೆ, ಯಾವ ಪತ್ರಿಕೆಗೆ ಹಾರಿಬಿಟ್ಟರೂ ತಪ್ಪದೆ ಗೂಡಿಗೆ ಮರಳುತ್ತಿದ್ದವು. ಹೀಗೆ ಮರಳಿದವುಗಳ ಕಟ್ಟನ್ನು ಕೆಂಪು ದಾರದಿಂದ ಬಿಗಿದು ಅಟ್ಟದ ಮೇಲಿಟ್ಟು, ಸಾಹಿತ್ಯಲೋಕದ ಮೇಲೆ ಯಾವ ಹಗೆಯನ್ನೂ ಸಾಧಿಸದೆ, ಪಿಂಚಣಿಯಲ್ಲಿ ಶಾಂತರಾಗಿದ್ದ ಈ ಮಹನೀಯರನ್ನು ಮತ್ತೆ ಅಟ್ಟ ಹತ್ತಿಸಿದ್ದು ಯಂತ್ರ.

ಪೂರ್ವದಲ್ಲಿ ಹಾಡೊಂದು ಲೋಕಕ್ಕೆ ಬರುವುದೆಂದರೆ ಮನೆಯಲ್ಲಿ ಮದುವೆ ನಡೆದಷ್ಟು ಸಂಭ್ರಮ, ಅಷ್ಟೇ ಖರ್ಚು. 1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣದ ಕೊಂಬಿನ ಮುಂದೆ ನಿಂತ ಗೌಹರ್ ಜಾನ್, ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ, ತಟ್ಟೆಯ ಕೊನೆಯಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳಬೇಕಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ವೆಂಬ ಕ್ಯಾಸೆಟ್ಟಾಗಿ ಮನೆಮನೆಗೆ ಬಂದಾಗಲೂ, ಅದರ ಹಿಂದೆ ಒಬ್ಬ ಕವಿ, ಒಬ್ಬ ಸಂಯೋಜಕ, ಹಾಡುವವರು, ನುಡಿಸುವವರು, ‘ಇನ್ನೊಂದು ಸಲ’ ಎನ್ನುವವರು ಇರಲೇಬೇಕಾಗಿತ್ತು. 2023ರ ಕೊನೆಯಿಂದೀಚೆಗೆ ಸುನೋ, ಯೂಡಿಯೋ ಮೊದಲಾದ ಯಂತ್ರಗಳು ಸಾರ್ವಜನಿಕರಿಗೆ ದೊರೆತ ಮೇಲೆ ಈ ಜಾತ್ರೆಯೆಲ್ಲ ಕರಗಿಹೋಯಿತು: ಸಾಹಿತ್ಯವನ್ನು ತುಂಬಿ, ‘ಭಾವಗೀತೆ, ಕೊಳಲು, ಸ್ತ್ರೀಕಂಠ, ಸ್ವಲ್ಪ ದುಃಖ’ ಎಂದು ಆಜ್ಞಾಪಿಸಿದರೆ, ಒಗ್ಗರಣೆಗೆ ಸಾಸಿವೆ ಸಿಡಿಯುವಷ್ಟರೊಳಗೆ ಹಾಡು ಸಿದ್ಧ. ಅದೂ ಒಂದಲ್ಲ, ಕೇಳಿದಾಗಲೆಲ್ಲ ಎರಡು. ಲೆಕ್ಕದ ಇಲಾಖೆಯಿಂದ ಬಂದ ಮನುಷ್ಯನಿಗೆ ಕೇಳಿದ್ದು ಒಂದು ಬಂದದ್ದು ಎರಡು ಎಂದಾದಾಗ ಹೆಚ್ಚಿನದನ್ನು ಕಸಕ್ಕೆ ಎಸೆಯುವ ಧೈರ್ಯ ಎಲ್ಲಿಂದ ಬರಬೇಕು? ರಾಯರ ಸಕಲ ಸಾಧನೆಯೂ ಈ ಅಧೈರ್ಯದಿಂದಲೇ ಹುಟ್ಟಿತೆಂಬುದು ನನ್ನ ನಮ್ರ ಅಭಿಪ್ರಾಯ.

ಅವರ ದರಪಟ್ಟಿ ನೋಡತಕ್ಕ ವಸ್ತು. ಕಚೇರಿಯ ಕಾಲದ ಉದ್ದನೆಯ ರಟ್ಟಿನ ಪುಸ್ತಕ. ಅದರಲ್ಲಿ ಕೆಂಪು ಶಾಯಿಯ ಅಂಕಣಗಳು. ಕ್ರಮಸಂಖ್ಯೆ, ಆವೃತ್ತಿಯ ವಿವರ, ದರ, ಷರಾ. ಒಂದನೆಯದು ಮೂಲ, 29 ರೂಪಾಯಿ. ಎರಡನೆಯದು ಮೂಲದ ಅವಳಿ, 25 ರೂಪಾಯಿ, ‘ಪಲ್ಲವಿಯಲ್ಲಿ ಕೊಳಲು ತುಸು ಮುಂಚಿತ’ ಎಂಬ ಷರಾದೊಡನೆ. ಆಮೇಲೆ ಪುರುಷಕಂಠ, ಯುಗಳಕಂಠ, ಮಕ್ಕಳ ಮೇಳ. ರಾತ್ರಿ ನಿದ್ರೆ ಬಾರದವರಿಗೆ ನಿಧಾನಗತಿ, ಬೆಳಿಗ್ಗೆ ಬಸ್ಸು ತಪ್ಪುವವರಿಗೆ ಶೀಘ್ರಗತಿ. ನವೆಂಬರ್ ಮಾಸಕ್ಕೆಂದು ಡೊಳ್ಳುಸಹಿತ ರಾಜ್ಯೋತ್ಸವ ಆವೃತ್ತಿ, 49 ರೂಪಾಯಿ. ಮೂವತ್ತು ಸೆಕೆಂಡಿನ ರಿಂಗ್‌ಟೋನು, 9 ರೂಪಾಯಿ. ಕಡೆಯಲ್ಲಿ, ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಉದಾರಿಗಳಿಗೆ ‘ಸಮಗ್ರ ಸಂಪುಟ’, 199 ರೂಪಾಯಿ, ಜ್ಯೇಷ್ಠ ನಾಗರಿಕರಿಗೆ ರಿಯಾಯಿತಿ. ಪ್ರತಿಯೊಂದು ಧ್ವನಿಮುದ್ರಣಕ್ಕೂ ಹನ್ನೆರಡು ಅಕ್ಷರಾಂಕಗಳ ಅಂತರರಾಷ್ಟ್ರೀಯ ಸಂಕೇತವೊಂದಿರುತ್ತದೆಂದು ತಿಳಿದಂದಿನಿಂದ, ಆವೃತ್ತಿಗೊಂದರಂತೆ ಅವನ್ನು ಮೊಮ್ಮಕ್ಕಳ ಜನ್ಮನಕ್ಷತ್ರಗಳಷ್ಟೇ ನಿಷ್ಠೆಯಿಂದ ಕಂಠಪಾಠ ಮಾಡಿದ್ದಾರೆ.

‘ಹಾಡು ಒಂದೇ ಅಲ್ಲವೆ, ದರವೇಕೆ ಇಷ್ಟೊಂದು?’ ಎಂದು ನಾನೊಮ್ಮೆ ಬಾಯಿತಪ್ಪಿ ಕೇಳಿದೆ.

‘ಸ್ವಾಮಿ, ದರ್ಶಿನಿಗೆ ಹೋಗ್ತೀರಿ. ಹಿಟ್ಟು ಒಂದೇ. ಸಾದಾ, ಸೆಟ್ಟು, ಈರುಳ್ಳಿ, ಮಸಾಲೆ ಅಂತ ಬೋರ್ಡಿನಲ್ಲಿ ನಾಲ್ಕು ರೇಟು. ಅಲ್ಲಿ ನೀವು ತೆಪ್ಪಗೆ ಟೋಕನ್ ತಗೋತೀರಿ. ನನ್ನ ಹತ್ತಿರ ಮಾತ್ರ ವೇದಾಂತ ಕೇಳ್ತೀರಿ!’

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಈ ಹಾಡಿಗೆ ಕರ್ತೃ ಯಾರು, ತಾವೋ ಯಂತ್ರವೋ ಎಂಬ ತಕರಾರಿಗಂತೂ ಅವರು ಗೋಡೆಯ ಕಡೆ ಬೆರಳು ತೋರುತ್ತಾರೆ. ರಾಘವೇಂದ್ರಸ್ವಾಮಿಗಳ ಪಟದ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಇನ್ನೊಂದು ಪಟ: 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ ಮಾತಿನ ಸಾರ. ಗಣಕಯಂತ್ರದಿಂದ ಹುಟ್ಟಿದ ಕೃತಿಗೆ, ಅದು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಶಾಸನಕರ್ತರು ಮೂವತ್ತು ವರ್ಷ ಮುಂಚಿತವಾಗಿಯೇ ತಮ್ಮನ್ನು ಕಂಡಿದ್ದರೆಂಬ ಧನ್ಯತೆಯಲ್ಲಿ ರಾಯರು ಇದನ್ನು ಓದಿ ಮುಗಿಸುವಷ್ಟರಲ್ಲಿ, ಕಾಫಿ ತಂದ ಅವರ ಮನೆಯವರು, ‘ಹಾಗಾದ್ರೆ ನಾನು ಮಾಡೋ ಹುಳಿಗೂ ನೀವೇ ಕರ್ತೃವೇನ್ರೀ?’ ಎಂದರು. ‘ಇವತ್ತು ಹುಳಿ ಮಾಡು ಅಂದವನು ನಾನೇ ತಾನೆ?’ ಎಂದು ರಾಯರು ಗಂಭೀರವಾಗಿಯೇ ಉತ್ತರಿಸಿದರು. ಅಮೆರಿಕದ ದೊಡ್ಡ ಸಂಗೀತ ಸಂಸ್ಥೆಗಳು ತಮ್ಮ ಹಾಡುಗಳನ್ನು ಅಪ್ಪಣೆಯಿಲ್ಲದೆ ಈ ಯಂತ್ರಗಳಿಗೆ ಉಣಿಸಿದರೆಂದು 2024ರ ಜೂನ್‌ನಲ್ಲಿ ನ್ಯಾಯಾಲಯಕ್ಕೆ ಹೋದ ಸುದ್ದಿಯನ್ನು, ಅಂದರೆ ಹುಳಿಯ ಬೇಳೆ ಯಾರ ಮನೆಯದೆಂಬ ಪ್ರಶ್ನೆಯನ್ನು, ನಾನು ಎತ್ತಬೇಕೆಂದಿದ್ದೆ. ಕಾಫಿ ಚೆನ್ನಾಗಿದ್ದುದರಿಂದ ಸುಮ್ಮನಾದೆ.

ರಾಯರ ಆ ಏಕೈಕ ಗೀತೆಯ ವಸ್ತು ಹುಟ್ಟೂರಿನ ನೆನಪು. ಕೇತಮಾರನಹಳ್ಳಿಯು ರಾಜಾಜಿನಗರದಲ್ಲಿಯೂ ಸಾಣೆಗುರುವನಹಳ್ಳಿಯು ಬಸವೇಶ್ವರನಗರದಲ್ಲಿಯೂ ಲೀನವಾಗಿ, ಹೊಸಹಳ್ಳಿಯು ಮೆಟ್ರೋ ನಿಲ್ದಾಣವಾಗಿ, ಹಳ್ಳಿಯೆಂಬುದು ನಮ್ಮ ಭಾಗದಲ್ಲಿ ಹೆಸರುಗಳ ಬಾಲದಲ್ಲಷ್ಟೇ ಉಳಿದಿರುವಾಗ, ಹಳ್ಳಿಯು ತನ್ನನ್ನು ಕರೆಯುತ್ತಿದೆಯೆಂದು ಒಬ್ಬನು ಹಾಡಿದರೆ ಯಾರ ಕಣ್ಣು ತೇವವಾಗದು? ಆದರೆ ಅವರು ನೆಚ್ಚಿದ ಯಂತ್ರಕ್ಕೆ (ಯಾವುದೆಂದು ಹೇಳುವುದು ಸೌಜನ್ಯವಲ್ಲ) ಕನ್ನಡದ ಳಕಾರ ಒಲಿದಿರಲಿಲ್ಲ. ಮೊದಲ ಹತ್ತು ಆವೃತ್ತಿಗಳಲ್ಲಿ, ಎದೆ ಕರಗಿಸುವ ಕಂಠವೊಂದು, ಕೊಳಲಿನ ಹಿನ್ನೆಲೆಯಲ್ಲಿ, ‘ಹಲ್ಲಿ ಕರೆಯುತಿದೆ’ ಎಂದು ಗದ್ಗದಿಸಿತು.

ರಾಯರ ಮನೆಯವರು ಅಡುಗೆಮನೆಯಿಂದ ಕೂಗಿ ಕೇಳಿದರಂತೆ: ‘ರೀ, ಯಾವ ದಿಕ್ಕಿನಲ್ಲಿ ಕರೀತಿದೆ? ಪಂಚಾಂಗ ತೆಗೀಲಾ?’

ಬೇರೆಯವರಾಗಿದ್ದರೆ ಅಂದೇ ಆ ಹತ್ತನ್ನೂ ಅಳಿಸಿಹಾಕುತ್ತಿದ್ದರು. ರಾಯರು ಅಕ್ಷರಗಳನ್ನು ತಿರುಚಿ ಬರೆದು, ಯಂತ್ರವನ್ನು ಬಗೆಬಗೆಯಾಗಿ ಏಮಾರಿಸಿ, ಹನ್ನೊಂದನೆಯದರಲ್ಲಿ ಅರ್ಧ ಳಕಾರವನ್ನು ಗಳಿಸಿದರು. ಹಳೆಯ ಹತ್ತಕ್ಕೆ ಷರಾ ಅಂಕಣದಲ್ಲಿ ‘ಲಘು ಉಚ್ಚಾರಣೆ’ ಎಂದು ಬರೆದು ಮೂರು ರೂಪಾಯಿ ಇಳಿಸಿದರು.

ಆದಾಯವೆಷ್ಟು ಎಂದು ಕೇಳುವುದು ಶಿಷ್ಟಾಚಾರವಲ್ಲ. ಆದರೆ ಅವರೇ ಹೇಳುತ್ತಾರೆ. ಸ್ಪಾಟಿಫೈಯಲ್ಲಿ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದೀಚೆಗೆ ರಾಯಧನದ ಪಾಲು ಸಲ್ಲುವುದಿಲ್ಲ. ಕೇಳುಗರೇ ನಲವತ್ತು ಮಂದಿ ಇರುವಲ್ಲಿ ಹಾಡನ್ನು ಇಪ್ಪತ್ತೆರಡಾಗಿ ಹಂಚಿದರೆ ಒಂದೊಂದರ ಪಾಲಿಗೆ ಇಬ್ಬರೂ ಬರುವುದಿಲ್ಲವೆಂಬ ಭಾಗಾಕಾರವನ್ನು, ಜೀವಮಾನವೆಲ್ಲ ಭಾಗಾಕಾರದಲ್ಲೇ ಅನ್ನ ಉಂಡ ಮನುಷ್ಯನಿಗೆ ನಾನು ಕಲಿಸಬೇಕೆ? ‘ನಮ್ಮ ಬಾಗಲಗುಂಟೆಯ ಅರ್ಚಕರೊಬ್ಬರು 2025ರಲ್ಲಿ ಸುಮಾರು ಹತ್ತು ಲಕ್ಷದಲ್ಲಿ ಯಂತ್ರದಿಂದಲೇ ‘ಲವ್ ಯು’ ಅಂತ ಇಡೀ ಸಿನಿಮಾ ಮಾಡಿ ಬಿಡುಗಡೆ ಮಾಡಿದ್ರು. ನಂದು ಬರೀ ಒಂದು ಹಾಡು, ಸ್ವಾಮಿ’ ಎಂದು ತಮ್ಮ ಸಂಯಮವನ್ನು ತಾವೇ ಮೆಚ್ಚಿಕೊಳ್ಳುತ್ತಾರೆ.

ಇಷ್ಟಾದರೂ ಒಂದು ಆವೃತ್ತಿ ಮಾತ್ರ ನಿಜವಾಗಿ ಮಾರಾಟವಾಯಿತು. ಹದಿನೇಳನೆಯದು, ವಾದ್ಯ ಮಾತ್ರ. ಕಂಠವೂ ಇಲ್ಲ, ಸಾಹಿತ್ಯವೂ ಇಲ್ಲ. ಎದುರುಮನೆಯವರು, ಔಷಧದಂಗಡಿಯವರು, ನಾನು, ಹೀಗೆ ಒಬ್ಬೊಬ್ಬರೂ ಇನ್ನೊಬ್ಬರಿಗೆ ತಿಳಿಯದಂತೆ ಅದನ್ನೇ ಕೊಂಡಿದ್ದೆವು. ರಾಯರು ಪುಸ್ತಕ ತೆರೆದು ಅಂಕಿಗಳನ್ನು ಬಹಳ ಹೊತ್ತು ನೋಡಿದರು. ತಮ್ಮ ಪದಗಳನ್ನು ತೆಗೆದಷ್ಟೂ ಬೆಲೆ ಏರುತ್ತದೆಂಬ ನಿಷ್ಕರುಣ ಸತ್ಯ ಆ ಅಂಕಣದಲ್ಲಿ ಕುಳಿತಿತ್ತು. ಮರುದಿನ ಹದಿನೇಳನೆಯದರ ದರ 29ರಿಂದ 79ಕ್ಕೆ ಏರಿತು; ಅದೇ ವಾರ ‘ವಾದ್ಯ ಮಾತ್ರ, ತಬಲಾ ರಹಿತ’ ಎಂಬುದು ಬಿಡುಗಡೆಯಾಯಿತು.

ಆ ವರ್ಷದ ಗಣೇಶನ ಹಬ್ಬದಲ್ಲಿ ನಮ್ಮ ಬೀದಿಯ ಹುಡುಗರು, ಮಹಾಮಂಗಳಾರತಿಗೂ ಪ್ರಸಾದ ವಿನಿಯೋಗಕ್ಕೂ ನಡುವೆ ಹತ್ತು ನಿಮಿಷದ ತೆರಪು ಬಿದ್ದಾಗ, ಪೆಂಡಾಲಿನ ಧ್ವನಿವರ್ಧಕದಲ್ಲಿ ಆ ಹದಿನೇಳನೆಯದನ್ನೇ ಹಾಕಿದರು. ರಾಯರು ದೊನ್ನೆ ಹಿಡಿದು ನನ್ನ ಪಕ್ಕದಲ್ಲಿ ಸಾಲಿನಲ್ಲಿದ್ದರು. ಕೊಳಲು ಎತ್ತಿಕೊಂಡಿತು, ಪದಗಳಿರಬೇಕಾದ ಜಾಗ ಬಂದಾಗ, ಆ ಖಾಲಿ ಜಾಗವನ್ನು ನೋಡಲಾರದೆಯೋ ಏನೋ, ರಾಯರು ಕಣ್ಣು ಮುಚ್ಚಿ ಮೆಲ್ಲನೆ ಹಾಡಲಾರಂಭಿಸಿದರು. ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ, ಎರಡನೆಯ ಚರಣದಲ್ಲಿ ಕೆಮ್ಮು. ಆದರೆ ‘ಹಳ್ಳಿ’ ಎಂಬಲ್ಲಿ ನಾಲಿಗೆ ಹಿಂದಕ್ಕೆ ಮಡಚಿಕೊಂಡು ಅಂಗುಳಕ್ಕೆ ತಾಗಿ, ಆ ಳಕಾರವು ಎರಡೆರಡಾಗಿ, ಕಲ್ಲಿನಂತೆ ಗಟ್ಟಿಯಾಗಿ, ತನ್ನ ಜಾಗದಲ್ಲಿ ಬಂದು ಕುಳಿತಿತು.

‘ರಾಯರೇ, ಇದು ಎಷ್ಟನೆಯ ಆವೃತ್ತಿ?’ ಎಂದೆ.

ಅವರು ಬೆಚ್ಚಿ ಕಣ್ಣು ತೆರೆದರು. ದೊನ್ನೆಯನ್ನು ನನ್ನ ಕೈಗಿತ್ತು, ಕಂಕುಳಿನಿಂದ ಪುಸ್ತಕ ತೆಗೆದು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬರೆದರು: ‘23. ಸ್ವಂತ ಕಂಠ.’ ದರದ ಅಂಕಣದ ಮೇಲೆ ಪೆನ್ಸಿಲು ಸಾಲು ಕರಗುವವರೆಗೂ ನಿಂತಿತ್ತು. ಆಮೇಲೆ ‘ಕೇಳಿದವರಿಗೆ ಉಚಿತ’ ಎಂದು ಬರೆದು, ಪುಸ್ತಕ ಮುಚ್ಚಿ, ಕೋಸಂಬರಿಯ ಕಡೆ ನಡೆದರು.

ಅಂದಿನಿಂದ ನನಗೊಂದು ಧರ್ಮಸಂಕಟ. ನಾನು ಕೇಳಿದ್ದೇನೋ ನಿಜ. ಆದರೆ ಕೊಡಿ ಎಂದು ಕೇಳಿರಲಿಲ್ಲವಲ್ಲ!